ಆರನೇ ತರಗತಿಯ ಮೊದಲ ತಿಂಗಳು: ಪಾಲಕರನ್ನು ಕರೆಯುವ ಮೊದಲು ನಾವೇ ಹೋಗೋಣ

ಪ್ರಶ್ನೆ: ನಾನು ಗದಗ ಜಿಲ್ಲೆಯ ಒಂದು ಹಳ್ಳಿಯ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಪದವೀಧರ ಶಿಕ್ಷಕಿ. ಸೇರಿ ಇದು ಎರಡನೇ ವರ್ಷ. ಈ ಸಲ 6ನೇ ತರಗತಿಗೆ ನಾನೇ ವರ್ಗಶಿಕ್ಷಕಿ. 34 ಮಕ್ಕಳಿದ್ದಾರೆ, ಅವರಲ್ಲಿ 11 ಮಂದಿ ಪಕ್ಕದ ತಾಂಡಾದ ಕಿರಿಯ ಪ್ರಾಥಮಿಕ ಶಾಲೆಯಿಂದ ಹೊಸದಾಗಿ ಬರುವವರು. ಹೋದ ವರ್ಷ ಜೂನ್‌ನಲ್ಲಿ 16 ನಿಯಮ ಬರೆದು ಗೋಡೆಗೆ ಅಂಟಿಸಿದ್ದೆ. ಆಗಸ್ಟ್ ಹೊತ್ತಿಗೆ ಯಾರೂ ಪಾಲಿಸುತ್ತಿರಲಿಲ್ಲ, ನಾನೂ ಸೇರಿ. ಪಾಲಕರ ಸಭೆಗೆ ಬಂದವರು 6 ಜನ. ಅವರಲ್ಲೂ ಇಬ್ಬರು 'ಬಡೀರಿ ಟೀಚರ್, ನಾವೇನೂ ಅನ್ನಂಗಿಲ್ಲ' ಅಂದು ಹೋದರು. ಈ ವರ್ಷ ಶುರುವಿನಲ್ಲೇ ಸರಿ ಮಾಡಿಕೊಳ್ಳಬೇಕು ಅಂತಿದ್ದೇನೆ. ಏನು ಮಾಡಲಿ?

ಉತ್ತರ:

'ನಾನೂ ಸೇರಿ' ಅಂತ ಬರೆದಿದ್ದೀರಲ್ಲ, ಅದನ್ನು ಓದಿ ನಗು ಬಂತು, ಸಮಾಧಾನವೂ ಆಯಿತು. ಅದನ್ನು ಒಪ್ಪಿಕೊಂಡವರಿಗೆ ಅರ್ಧ ಉತ್ತರ ಆಗಲೇ ಗೊತ್ತಿರುತ್ತದೆ. 16 ನಿಯಮ ಮಕ್ಕಳಿಗಿರಲಿ, ಮೇಷ್ಟ್ರಿಗೇ ನೆನಪಿರುವುದಿಲ್ಲ. ನಾನು ಒಂದು ವರ್ಷ 21 ಬರೆದಿದ್ದೆ, ಬಣ್ಣದ ಸ್ಕೆಚ್ ಪೆನ್ನಿನಲ್ಲಿ. 'ಉಗುರು ಕತ್ತರಿಸಬೇಕು' ಅಂತ ಬರೆದ ಸಾಲಿನ ಮುಂದೆ ಒಬ್ಬ ಹುಡುಗ ನನ್ನ ಉಗುರು ನೋಡುತ್ತಾ ನಿಂತಿದ್ದ. ಆ ಚಾರ್ಟ್ ಅವತ್ತೇ ಇಳಿಸಿದೆ.

ಮೊದಲು ಆರನೇ ತರಗತಿ ಮಗುವಿನ ಕಡೆಯಿಂದ ನೋಡೋಣ. ಮೊನ್ನೆ ಏಪ್ರಿಲ್ 10ರವರೆಗೆ ಅವನು ಐದನೇ ತರಗತಿ. ತಾಂಡಾದ ಶಾಲೆ ಅಂದರೆ ಬಹುಶಃ ಇಬ್ಬರು ಮೇಷ್ಟ್ರು, ಒಂದೋ ಎರಡೋ ಕೋಣೆ, ಕನ್ನಡ, ಇಂಗ್ಲಿಷ್, ಗಣಿತ, ಪರಿಸರ ಅಧ್ಯಯನ, ಅಷ್ಟೇ. ಅಲ್ಲಿ ಅವನು ದೊಡ್ಡವ, ಗಂಟೆ ಹೊಡೆಯುವವನೇ ಅವನು. ಬೇಸಿಗೆ ರಜೆ ಮುಗಿಸಿ ಮೇ ಕೊನೆಗೆ ನಿಮ್ಮಲ್ಲಿಗೆ ಬಂದರೆ ಪರಿಸರ ಅಧ್ಯಯನ ಹೋಗಿ ವಿಜ್ಞಾನ, ಸಮಾಜ ವಿಜ್ಞಾನ ಅಂತ ಎರಡಾಗಿದೆ, ಜೊತೆಗೆ ಹಿಂದಿ ಅನ್ನುವ ಹೊಸ ಭಾಷೆ, ನಲವತ್ತು ನಿಮಿಷಕ್ಕೊಮ್ಮೆ ಗಂಟೆ, ಗಂಟೆಗೊಬ್ಬ ಹೊಸ ಮುಖ, ಒಬ್ಬೊಬ್ಬರದ್ದು ಒಂದೊಂದು ರೀತಿ. ಒಬ್ಬರಿಗೆ ಮಾರ್ಜಿನ್ ಕೆಂಪು ಬೇಕು, ಇನ್ನೊಬ್ಬರಿಗೆ ಕೆಂಪು ಕಂಡರೆ ಆಗಲ್ಲ. ಆ ಮಗು ಮಾತು ಕೇಳುತ್ತಿಲ್ಲ ಅಂತ ನಮಗೆ ಕಾಣಿಸುತ್ತದೆ. ನಿಜಕ್ಕೂ ಅದಕ್ಕೆ ಯಾರ ಮಾತು ಕೇಳಬೇಕು ಅಂತಲೇ ಗೊತ್ತಾಗಿರುವುದಿಲ್ಲ. ಇನ್ನೊಂದು ವಿಷಯ. ಐದನೇ ತರಗತಿಯಲ್ಲಿ ಚೆನ್ನಾಗಿ ಓದುತ್ತಿದ್ದ ಒಬ್ಬಿಬ್ಬರು ಪರೀಕ್ಷೆ ಬರೆದು ಮೊರಾರ್ಜಿ ವಸತಿ ಶಾಲೆಗೋ ನವೋದಯಕ್ಕೋ ಹೋಗಿರುತ್ತಾರೆ. ಉಳಿದವರ ಮನಸ್ಸಿನಲ್ಲಿ 'ನಾವು ಉಳಿದವರು' ಅನ್ನುವುದು ಸಣ್ಣಗೆ ಕೂತಿರುತ್ತದೆ. ಯಾರೂ ಬಾಯಿಬಿಟ್ಟು ಹೇಳುವುದಿಲ್ಲ.

ಹಾಗಾಗಿ ಮಕ್ಕಳಿಗೆ ನಿಯಮ ಹೇಳುವ ಮೊದಲು ಶಾಲೆ ಶುರುವಾಗುವ ಹಿಂದಿನ ದಿನ ಆರನೇ ತರಗತಿಗೆ ಪಾಠ ಮಾಡುವ ನೀವೆಲ್ಲರೂ ಅರ್ಧ ಗಂಟೆ ಒಟ್ಟಿಗೆ ಕೂತುಕೊಳ್ಳಿ. ಎರಡೇ ವಿಷಯ ತೀರ್ಮಾನ ಮಾಡಿ. ಒಂದು ನೋಟ್‌ಬುಕ್. ಪುಸ್ತಕ, ಸಮವಸ್ತ್ರ ಸರ್ಕಾರ ಕೊಡುತ್ತದೆ, ನೋಟ್‌ಬುಕ್ ಹೆಚ್ಚಾಗಿ ಮನೆಯವರೇ ತರಬೇಕಾಗುತ್ತದೆ. ಒಬ್ಬ ಮೇಷ್ಟ್ರು ಸೋಮವಾರ 200 ಪುಟದ್ದು ಕೇಳುತ್ತಾರೆ, ಇನ್ನೊಬ್ಬರು ಗುರುವಾರ ಎರಡು ಕೇಳುತ್ತಾರೆ. ಬಿತ್ತನೆ ಬೀಜ, ಗೊಬ್ಬರಕ್ಕೆ ಸಾಲ ಎತ್ತಿರುವ ಹೊತ್ತಿನಲ್ಲಿ ಮಗು ಪ್ರತಿ ಸಂಜೆ ಹೋಗಿ ಅಪ್ಪನ ಮುಂದೆ ಕೈ ಚಾಚಬೇಕು. ನಾಲ್ಕನೇ ಸಲ ಬೈಸಿಕೊಳ್ಳುತ್ತದೆ, ಐದನೇ ದಿನ ಶಾಲೆಗೇ ಬರುವುದಿಲ್ಲ. ಎಲ್ಲರದ್ದೂ ಸೇರಿಸಿ ಒಂದೇ ಪಟ್ಟಿ, ಒಂದೇ ಸಲ, 'ಜೂನ್ ಕೊನೆಯೊಳಗೆ ತಂದರೆ ಸಾಕು, ಅಲ್ಲಿಯವರೆಗೆ ಹೋದ ವರ್ಷದ ನೋಟ್‌ಬುಕ್ಕಿನ ಖಾಲಿ ಹಾಳೆ ನಡೆಯುತ್ತದೆ' ಅಂತ ಹೇಳಿ ಕಳಿಸಿ. ಇನ್ನೊಂದು ಮನೆಗೆಲಸ. ಎಲ್ಲ ವಿಷಯ ಸೇರಿ ದಿನಕ್ಕೆ ಅರ್ಧ ಗಂಟೆ ದಾಟಬಾರದು. ಸೋಮವಾರ ಗಣಿತ, ಮಂಗಳವಾರ ಕನ್ನಡ, ಹೀಗೆ ಹಂಚಿಕೊಳ್ಳಿ. ಹಿರಿಯ ಸಹೋದ್ಯೋಗಿಗಳು ಮೊದಲು ಒಪ್ಪಲಿಕ್ಕಿಲ್ಲ. ಚಹಾ ತರಿಸಿ, ನಿಧಾನಕ್ಕೆ ಹೇಳಿ.

ಈಗ ನಿಯಮ. ನನ್ನ ಪ್ರಕಾರ ನಾಲ್ಕು ಸಾಕು. ನಾನು ಕೊನೆಯ ಎಂಟು ಹತ್ತು ವರ್ಷ ಇಟ್ಟುಕೊಂಡಿದ್ದ ನಾಲ್ಕನ್ನು ಹೇಳುತ್ತೇನೆ, ನೀವು ನಿಮ್ಮದು ಮಾಡಿಕೊಳ್ಳಿ. ತಡವಾದರೂ ಬಾ. ಒಬ್ಬರು ಮಾತಾಡುವಾಗ ಉಳಿದವರು ಕೇಳೋಣ, ಮೇಷ್ಟ್ರೂ ಸೇರಿ. ಗೊತ್ತಿಲ್ಲದಿದ್ದರೆ 'ಗೊತ್ತಿಲ್ಲ' ಅನ್ನು. ಯಾರ ಮೈಗೂ, ಯಾರ ಹೆಸರಿಗೂ ಕೈ ಹಾಕಬಾರದು. ಈ ಕೊನೆಯದರಲ್ಲಿ ಹೊಡೆದಾಟವೂ ಬಂತು, ಅಡ್ಡ ಹೆಸರೂ ಬಂತು, ಜಾತಿ ಹಿಡಿದು ಕರೆಯುವುದೂ ಬಂತು. 'ತಾಂಡಾದವರು' ಅಂತ ಆ 11 ಮಕ್ಕಳನ್ನು ಒಂದೇ ಗಂಟು ಮಾಡಿ ಕರೆಯುವ ಚಾಳಿ ಮೊದಲ ವಾರದಲ್ಲೇ ಶುರುವಾಗುತ್ತದೆ, ಕೆಲವು ಸಲ ಸ್ಟಾಫ್ ರೂಮಿನಿಂದಲೇ. ಅಲ್ಲೇ ತಡೆಯಿರಿ.

'ತಡವಾದರೂ ಬಾ' ಅನ್ನುವುದಕ್ಕೆ ತುಂಬಾ ಜನ ನನ್ನ ಹತ್ತಿರ ಜಗಳಕ್ಕೆ ಬಂದಿದ್ದಾರೆ. ಶಿಸ್ತು ಹಾಳಾಗುತ್ತದಂತೆ. ನೋಡಿ, ತಡವಾದವನನ್ನು ಹೊರಗೆ ಬಿಸಿಲಿಗೆ ನಿಲ್ಲಿಸಿದರೆ ಅವನು ಮರುದಿನ ಬೇಗ ಬರುವುದಿಲ್ಲ. ತಡವಾಯಿತು ಅಂತ ಗೊತ್ತಾದ ಕೂಡಲೇ ಕೆರೆ ಏರಿ ಮೇಲೆ ಹುಣಸೆ ಮರದ ಕೆಳಗೆ ಕೂತು, ಸಂಜೆ ಶಾಲೆ ಬಿಟ್ಟಾಗ ಉಳಿದವರ ಜೊತೆ ಮನೆಗೆ ಹೋಗುತ್ತಾನೆ. ಮನೆಯವರಿಗೆ ಅವನು ಶಾಲೆಗೆ ಹೋಗಿದ್ದಾನೆ, ನಮಗೆ ಅವನು ಗೈರು. ಇದು ನಾನು ಕಣ್ಣಾರೆ ಕಂಡದ್ದು, ಅದೂ ನಾನೇ ಹೊರಗೆ ನಿಲ್ಲಿಸಿದ ಹುಡುಗನದ್ದು. ಶಿಕ್ಷಣ ಹಕ್ಕು ಕಾಯ್ದೆ 6ರಿಂದ 8ನೇ ತರಗತಿಗೆ ವರ್ಷಕ್ಕೆ ಕನಿಷ್ಠ 220 ದಿನ ಶಾಲೆ ನಡೆಯಬೇಕು ಅನ್ನುತ್ತದೆ. ಆ 220ರಲ್ಲಿ 30 ದಿನ ಹುಣಸೆ ಮರದ ಕೆಳಗೆ ಹೋದರೆ ಯಾರಿಗೆ ನಷ್ಟ? ಬರಲಿ, ಸದ್ದಿಲ್ಲದೆ ಕೂರಲಿ, ಬಿಡುವಿನಲ್ಲಿ ಕಾರಣ ಕೇಳಿ. ಹತ್ತರಲ್ಲಿ ಏಳು ಸಲ ಕಾರಣ ಮನೆಯದ್ದೇ ಇರುತ್ತದೆ. ಎಮ್ಮೆ, ತಮ್ಮ, ನೀರು.

ನಿಯಮ ಓದಿ ಹೇಳಬೇಡಿ, ಮಾಡಿಸಿ. ಒಳಗೆ ತಡವಾಗಿ ಬರುವುದು ಹೇಗೆ ಅಂತ ಒಬ್ಬರಿಂದ ನಾಟಕ ಮಾಡಿಸಿ. ವೇಳಾಪಟ್ಟಿ ನೋಡಿ ರಾತ್ರಿಯೇ ಚೀಲ ಜೋಡಿಸುವುದನ್ನು ತರಗತಿಯಲ್ಲೇ ಮೂರು ದಿನ ಅಭ್ಯಾಸ ಮಾಡಿಸಿ. ಸುಮ್ನೆ ಆಟದ ಹಾಗೆ ಕಾಣುತ್ತದೆ, ಆದರೆ 'ಸರ್, ಪುಸ್ತಕ ತಂದಿಲ್ಲ' ಅನ್ನುವ ದಿನನಿತ್ಯದ ರಗಳೆ ಬಹಳ ಕಡಿಮೆಯಾಗುತ್ತದೆ. ಹೇಗೂ ಜೂನ್‌ನಲ್ಲಿ ಸೇತುಬಂಧ, ಅಂದರೆ ಹಿಂದಿನ ತರಗತಿಯ ಕಲಿಕೆಯನ್ನು ಮತ್ತೆ ನೋಡಿಕೊಳ್ಳುವ ತರಗತಿಗಳು ಇರುತ್ತವೆ, ಪೂರ್ಣ ಪಾಠದ ಒತ್ತಡ ಇನ್ನೂ ಇರುವುದಿಲ್ಲ. ಈ ಕೆಲಸಕ್ಕೆ ಅದಕ್ಕಿಂತ ಒಳ್ಳೆ ಹೊತ್ತು ಸಿಗದು. ಹಿಂದಿ ತರಗತಿಯ ಮೊದಲ ವಾರ ತಾಂಡಾದ ಮಕ್ಕಳನ್ನು ಮುಂದೆ ಕೂರಿಸಿ. ಮನೆಯಲ್ಲಿ ಲಂಬಾಣಿ ಮಾತಾಡುವವರ ಕಿವಿಗೆ ಹಿಂದಿ ಅಷ್ಟು ಪರಕೀಯವಲ್ಲ, ಊರಿನ ಮಕ್ಕಳಿಗಿಂತ ಬೇಗ ಹಿಡಿಯುತ್ತಾರೆ. ಹೊಸ ಶಾಲೆಗೆ ಬಂದ ಮೊದಲ ವಾರದಲ್ಲೇ ತಾನು ಇನ್ನೊಬ್ಬರಿಗೆ ಹೇಳಿಕೊಡುವ ಹಾಗಾದರೆ ಆ ಮಗುವಿನ ವರ್ಷವೇ ಬೇರೆ.

ಇನ್ನು 'ಬಡೀರಿ ಟೀಚರ್'. ಇದನ್ನು ಕೇಳದ ಮೇಷ್ಟ್ರಿಲ್ಲ. ಅವರು ನಮ್ಮ ಮೇಲೆ ನಂಬಿಕೆ ತೋರಿಸುತ್ತಿದ್ದೇವೆ ಅಂದುಕೊಂಡು ಹೇಳುತ್ತಾರೆ, ಅವರಿಗೆ ಗೊತ್ತಿರುವ ಶಾಲೆ ಅಂಥದ್ದೇ. ಅವರಿಗೆ ಕಾಯ್ದೆ ಓದಿ ಹೇಳಬೇಡಿ. ಹೊಡೆಯುವುದು, ಹೀಯಾಳಿಸುವುದು ಎರಡನ್ನೂ 17ನೇ ಸೆಕ್ಷನ್ ನಿಷೇಧಿಸುತ್ತದೆ, ಅದು ನಿಮಗೆ ಗೊತ್ತಿದ್ದರೆ ಸಾಕು. ಅವರಿಗೆ ನಾನು ಹೇಳುತ್ತಿದ್ದದ್ದು ಇಷ್ಟು: 'ಬಡಿಯೋದು ನನಗೆ ಬರಂಗಿಲ್ಲ, ಬ್ಯಾರೆ ಕೆಲಸ ಹೇಳ್ರಿ. ಮನೆಗೆಲಸ ಮಾಡದೇ ಬಂದ್ರೆ ಊಟ ಆದ ಮ್ಯಾಲೆ ಹತ್ತು ನಿಮಿಷ ನನ್ನ ಹತ್ರ ಕೂತು ಮಾಡ್ತಾನ. ಎರಡು ವಾರ ಹಂಗೇ ಆದ್ರ ನಾನೇ ನಿಮ್ಮ ಮನೀಗೆ ಬರ್ತೀನಿ. ಒಪ್ಪಿಗೆ ಏನು?' ಒಪ್ಪದವರು ಯಾರೂ ಸಿಕ್ಕಿಲ್ಲ. ಒಂದು ಎಚ್ಚರ. ಹೇಳಿದ ಮೇಲೆ ಹೋಗಲೇಬೇಕು. ಹೋಗದಿದ್ದರೆ ಗೋಡೆಯ ಚಾರ್ಟಿಗೂ ನಿಮ್ಮ ಮಾತಿಗೂ ವ್ಯತ್ಯಾಸ ಇರುವುದಿಲ್ಲ. ಮತ್ತೆ, ಊಟ ಆದ ಮೇಲೆ ಅಂದೆ. ಊಟ ತಪ್ಪಿಸಿ ಅಲ್ಲ.

ಪಾಲಕರ ಸಭೆಗೆ ಬರೋಣ. 6 ಜನ ಬಂದರು ಅಂದಿರಿ. ಯಾವ ದಿನ, ಎಷ್ಟು ಗಂಟೆಗೆ ಇಟ್ಟಿದ್ದಿರಿ ಅಂತ ಬರೆದಿಲ್ಲ, ಆದರೂ ಊಹಿಸಬಲ್ಲೆ: ಕೆಲಸದ ದಿನ, ಬೆಳಿಗ್ಗೆ 11 ಗಂಟೆ, ಅಲ್ವಾ? ಜೂನ್ ಅಂದರೆ ನಿಮ್ಮ ಕಡೆ ಹೆಸರು, ಶೇಂಗಾ ಬಿತ್ತುವ ಹೊತ್ತು. ಮಳೆ ಒಂದು ದಿನ ಬಿಡುವು ಕೊಟ್ಟರೆ ಇಡೀ ಊರು ಹೊಲದಲ್ಲಿರುತ್ತದೆ. ಕೂಲಿಗೆ ಹೋಗುವ ತಾಯಿಗೆ ನಿಮ್ಮ ಸಭೆಗೆ ಬರುವುದೆಂದರೆ ಒಂದು ದಿನದ ಕೂಲಿ ಬಿಟ್ಟಂತೆ. ಅಷ್ಟು ಖರ್ಚು ಮಾಡಿ ಬಂದವಳಿಗೆ ನಾವು ಕೊಡುವುದೇನು? ಸ್ವಾಗತ ಭಾಷಣ, 'ಮಕ್ಕಳ ಕಡೆ ಗಮನ ಕೊಡಿ' ಅನ್ನುವ ಉಪದೇಶ, ಕೊನೆಗೆ ಎಲ್ಲರ ಮುಂದೆ 'ನಿಮ್ಮ ಹುಡುಗ ಭಾಗಾಕಾರದಲ್ಲಿ ವೀಕ್'. ನಾನಾಗಿದ್ದರೂ ಬರುತ್ತಿರಲಿಲ್ಲ.

ನಮ್ಮ ಕಡೆಯ ಎಷ್ಟೋ ಊರುಗಳಲ್ಲಿ ಇವತ್ತಿಗೂ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ, ಬಸವಣ್ಣನ ವಾರ ಅಂತ. ಅಮವಾಸ್ಯೆಗೂ ಹಾಗೇ. ಟ್ರಾಕ್ಟರ್ ಬಂದ ಮೇಲೆ ಸ್ವಲ್ಪ ಸಡಿಲಾಗಿದೆ, ಪೂರ್ತಿ ಹೋಗಿಲ್ಲ. ನಿಮ್ಮ ಊರಿನಲ್ಲಿ ಯಾವ ದಿನ ಹೊಲಕ್ಕೆ ಹೋಗುವುದಿಲ್ಲ, ಸಂತೆ ಯಾವತ್ತು, ಕೂಲಿಯವರ ಬಟವಾಡೆ ಯಾವತ್ತು ಅಂತ ಎಸ್‌ಡಿಎಂಸಿಯ, ಅಂದರೆ ಶಾಲಾಭಿವೃದ್ಧಿ ಸಮಿತಿಯ, ಒಬ್ಬ ತಾಯಿ ಸದಸ್ಯರನ್ನು ಕೇಳಿ. ಕಾಯ್ದೆಯ ಪ್ರಕಾರ ಶಾಲಾ ಸಮಿತಿಯಲ್ಲಿ ಮುಕ್ಕಾಲು ಪಾಲು ಪಾಲಕರೇ ಇರಬೇಕು, ಒಟ್ಟು ಸದಸ್ಯರಲ್ಲಿ ಅರ್ಧದಷ್ಟು ಮಹಿಳೆಯರು. ನಾವು ಅವರನ್ನು ಸಹಿ ಹಾಕಿಸಿಕೊಳ್ಳಲು ಮಾತ್ರ ನೆನಪಿಸಿಕೊಳ್ಳುತ್ತೇವೆ. ಊರಿನ ಪಂಚಾಂಗ ಗೊತ್ತಿರುವುದು ಅವರಿಗೇ.

ಕಾರಹುಣ್ಣಿಮೆ ಆಗಿ ಹದಿನೈದು ದಿನಕ್ಕೆ ಮಣ್ಣೆತ್ತಿನ ಅಮವಾಸ್ಯೆ ಬರುತ್ತದಲ್ಲ, ಅದರ ಆಸುಪಾಸಿನ ಒಂದು ಸೋಮವಾರ ಸಂಜೆ ಆರೂವರೆಗೆ ಇಡಿ. ಅಷ್ಟು ಹೊತ್ತಿಗೆ ನಿಮಗೂ ಮಕ್ಕಳು ಪರಿಚಯವಾಗಿರುತ್ತಾರೆ. ಊರಿನವರಿಗೆ ಶಾಲೆಯಲ್ಲಿ, ತಾಂಡಾದವರಿಗೆ ಬೇರೆ ದಿನ ತಾಂಡಾದ ಸೇವಾಲಾಲ್ ಗುಡಿಯ ಕಟ್ಟೆ ಮೇಲೆ. ಅವರು ಎರಡು ಮೂರು ಕಿಲೋಮೀಟರ್ ಕತ್ತಲಲ್ಲಿ ನಡೆದು ಬರಲಿ ಅಂತ ಬಯಸುವುದು ತಪ್ಪು. ನೀವು ಒಬ್ಬರೇ ಹೋಗಬೇಡಿ, ಇನ್ನೊಬ್ಬ ಶಿಕ್ಷಕರನ್ನೋ ಎಸ್‌ಡಿಎಂಸಿಯವರನ್ನೋ ಜೊತೆಗೆ ಕರೆದುಕೊಳ್ಳಿ.

ಸಭೆಯಲ್ಲಿ ನೀವು ಮಾತಾಡುವುದು ಹತ್ತು ನಿಮಿಷ. ಉಳಿದ ಅರ್ಧ ಗಂಟೆ ಮಕ್ಕಳದ್ದು. ಪ್ರತಿ ಮಗು ತನ್ನ ಮನೆಯವರ ಪಕ್ಕ ಕೂತು ತನ್ನ ನೋಟ್‌ಬುಕ್ ತೋರಿಸಬೇಕು. ಇದು ನಾನು ಬರೆದದ್ದು, ಇದು ಹಿಂದಿ ಅಕ್ಷರ, ಇದು ನಾನು ತಪ್ಪು ಮಾಡಿ ತಿದ್ದಿದ್ದು. ಹಿಂದಿನ ದಿನ ತರಗತಿಯಲ್ಲಿ ಒಂದು ಸಲ ಅಭ್ಯಾಸ ಮಾಡಿಸಿರಿ, ಇಲ್ಲದಿದ್ದರೆ ನಾಚಿಕೊಂಡು ಮುದುಡಿ ಕೂರುತ್ತಾರೆ. ಓದು ಬಾರದ ತಾಯಿ ಮಗಳ ನೋಟ್‌ಬುಕ್ ಹಿಡಿದುಕೊಂಡು ಹಾಳೆ ಮೇಲೆ ಬೆರಳಾಡಿಸುತ್ತಾ ಕೂರುವುದನ್ನು ನಾನು ಎಷ್ಟು ಸಲ ನೋಡಿದ್ದೇನೋ ಲೆಕ್ಕ ಇಟ್ಟಿಲ್ಲ. ಅಂಕ, ವೀಕು, ದಡ್ಡ ಯಾವುದೂ ಆ ಸಂಜೆ ಬೇಡ. ಇಲಾಖೆಯ 'ಸಮುದಾಯದತ್ತ ಶಾಲೆ' ಕಾರ್ಯಕ್ರಮ ಆಮೇಲೆ ಬಂದೇ ಬರುತ್ತದೆ, ಫಲಿತಾಂಶದ ಮಾತು ಅಲ್ಲಿಗಿರಲಿ, ಅಲ್ಲೂ ಒಬ್ಬೊಬ್ಬರನ್ನೇ ಕೂರಿಸಿಕೊಂಡು ಹೇಳಿ.

ಮನೆಯವರಿಂದ ಏನು ಕೇಳಬೇಕು ಅನ್ನುವಲ್ಲೇ ನಾವು ಜಾಸ್ತಿ ಎಡವುತ್ತೇವೆ. 'ಮನೆಯಲ್ಲಿ ಓದಿಸಿ' ಅನ್ನುತ್ತೇವೆ. ಅವರಿಗೆ ಓದು ಬರುವುದಿಲ್ಲ, ಬಂದರೂ ಆರನೇ ತರಗತಿಯ ಇಂಗ್ಲಿಷ್, ಬೀಜಗಣಿತ ಅವರ ಕೈಗೆ ಸಿಗುವುದಿಲ್ಲ. ಆಗದ್ದನ್ನು ಕೇಳಿದರೆ ಅವರು ತಲೆ ತಗ್ಗಿಸಿ ದೂರ ಸರಿಯುತ್ತಾರೆ, ನಾವು ಅದನ್ನು ನಿರ್ಲಕ್ಷ್ಯ ಅಂತ ಕರೆಯುತ್ತೇವೆ. ಪಾಠ ಹೇಳಿಕೊಡುವುದು ನಮ್ಮ ಕೆಲಸ. ಅವರಿಂದ ಹೊತ್ತು ಕೇಳಿ. ರಾತ್ರಿ ಊಟಕ್ಕೆ ಮುಂಚೆ ಅರ್ಧ ಗಂಟೆ ಟಿವಿ ಬಂದ್, ಆ ಹೊತ್ತಿನಲ್ಲಿ ಮಗುವನ್ನು ಅಂಗಡಿಗೆ ಕಳಿಸುವ ಹಾಗಿಲ್ಲ. ದಿನಕ್ಕೊಂದು ಪ್ರಶ್ನೆ: 'ಇವತ್ತು ಏನು ಹೊಸದು ಕಲಿತೆ, ಹೇಳು'. ಉತ್ತರ ಸರಿಯೋ ತಪ್ಪೋ ನೋಡುವುದು ಬೇಡ, ಕೇಳಿಸಿಕೊಂಡರೆ ಸಾಕು. ಭಾಗಾಕಾರ ನಡೆಯುತ್ತಿದೆಯಾ? 'ಎಂಬತ್ತು ರೂಪಾಯಿ ಐದು ಜನಕ್ಕೆ ಹಂಚು ಅಂತ ಕೇಳ್ರಿ' ಅಂತ ಹೇಳಿ ಕಳಿಸಿ. ಸಂತೆ ಮಾಡುವ ತಾಯಿ ಈ ವಿಷಯದಲ್ಲಿ ನಮಗಿಂತ ಚುರುಕು. ಓದುವ ಪುಸ್ತಕ ಮನೆಯಲ್ಲಿಲ್ಲ ಅಂದರೆ ಗ್ರಾಮ ಪಂಚಾಯತಿ ಗ್ರಂಥಾಲಯ ಇದೆ. 2020ರಲ್ಲಿ ಶುರುವಾದ 'ಓದುವ ಬೆಳಕು' ಅಭಿಯಾನದಲ್ಲಿ 6ರಿಂದ 18 ವರ್ಷದ ಮಕ್ಕಳಿಗೆ ಅಲ್ಲಿ ಉಚಿತ ಸದಸ್ಯತ್ವ ಕೊಟ್ಟರು. 34 ಮಕ್ಕಳನ್ನೂ ಒಂದು ಶನಿವಾರ ಕರೆದುಕೊಂಡು ಹೋಗಿ, ಯಾರು ಸದಸ್ಯರಲ್ಲವೋ ಅವರನ್ನು ಅಲ್ಲೇ ಮಾಡಿಸಿ.

ಇದನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ಮೊದಲ ವಾರವೇ ಮನೆಗೆ ಕಳಿಸಿ. ಶಾಲೆಯ ಮಾತು ಮೊದಲು ಬರಲಿ, ಮನೆಯವರದ್ದು ಆಮೇಲೆ. ಹೀಗಿರಬಹುದು: 'ನಾವು ನಿಮ್ಮ ಮಗುವನ್ನು ಹೊಡೆಯುವುದಿಲ್ಲ. ದಿನಕ್ಕೆ ಅರ್ಧ ಗಂಟೆಗಿಂತ ಜಾಸ್ತಿ ಮನೆಗೆಲಸ ಕೊಡುವುದಿಲ್ಲ. ಎರಡು ದಿನ ಬರದಿದ್ದರೆ ಫೋನ್ ಮಾಡುತ್ತೇವೆ. ನೀವು ರಾತ್ರಿ ಅರ್ಧ ಗಂಟೆ ಬಿಡುವು ಕೊಡಿ. ದಿನಾ ಒಂದು ಪ್ರಶ್ನೆ ಕೇಳಿ. ಊರು ಬಿಟ್ಟು ಹೋಗುವುದಿದ್ದರೆ ಮೊದಲೇ ತಿಳಿಸಿ.' ಇಷ್ಟೇ. ಮಗು ಇದನ್ನು ಮನೆಯಲ್ಲಿ ಗಟ್ಟಿಯಾಗಿ ಓದಬೇಕು. ಕೆಳಗೆ ಸಹಿ ಕೇಳಬೇಡಿ. ಹೆಬ್ಬೆಟ್ಟು ಒತ್ತಬೇಕಾದವರಿಗೆ ಅದು ಮುಜುಗರ, ಸಹಿ ಬರುವವರು ಓದದೇ ಹಾಕುತ್ತಾರೆ. ಬದಲಿಗೆ ಓದಿ ಮುಗಿಸಿದ ಮೇಲೆ ಮನೆಯವರು ಹೇಳಿದ ಒಂದು ಮಾತನ್ನು ಮಗು ಕೆಳಗೆ ಬರೆದುಕೊಂಡು ಬರಲಿ. ಒಂದು ವರ್ಷ ಒಬ್ಬ ಅಜ್ಜಿಯ ಮಾತು ಹೀಗೆ ಬಂದಿತ್ತು: 'ಹುಡುಗಗ ಬಲಗಿವಿ ಕೇಳಸಂಗಿಲ್ಲ, ಎಡಕ್ಕ ಕುಂದರಸ್ರಿ'. ಐದು ವರ್ಷ ಶಾಲೆಯಲ್ಲಿ ಯಾರಿಗೂ ಗೊತ್ತಿರದ ವಿಷಯ ಅದು. ನಾವು ಅವನನ್ನು ಮಂದ ಅಂದುಕೊಂಡಿದ್ದೆವು.

ಫೋನ್ ಮಾಡುತ್ತೇವೆ ಅಂದ ಮೇಲೆ ನಂಬರ್ ಸರಿ ಇರಬೇಕಲ್ಲ. ಇಲಾಖೆಯ ಆನ್‌ಲೈನ್ ವಿದ್ಯಾರ್ಥಿ ದಾಖಲೆಯಾದ ಎಸ್‌ಎಟಿಎಸ್‌ನಲ್ಲಿರುವ ನಂಬರ್ ಒಂದನೇ ತರಗತಿಗೆ ಸೇರಿಸಿದಾಗ ಕೊಟ್ಟದ್ದು, ಅದರಲ್ಲಿ ಎಷ್ಟೋ ಈಗ ನಡೆಯುವುದಿಲ್ಲ. ಮೊದಲ ವಾರವೇ ಒಂದೊಂದಕ್ಕೂ ಕರೆ ಮಾಡಿ ನೋಡಿ, ತಪ್ಪಿದ್ದನ್ನು ಸರಿಮಾಡಿಸಿ. ಆ ಮೊದಲ ಕರೆಯಲ್ಲಿ ದೂರು ಇರಬಾರದು. 'ನಾನು ನಿಮ್ಮ ಮಗಳ ಟೀಚರ್, ಇವತ್ತು ಅವಳು ಪದ್ಯ ಚೆನ್ನಾಗಿ ಓದಿದಳು' ಅಷ್ಟೇ ಹೇಳಿ ಇಡಿ. ಶಾಲೆಯಿಂದ ಫೋನ್ ಬಂದರೆ ಏನೋ ಆಯಿತು ಅಂತ ಎದೆ ಹೊಡೆದುಕೊಳ್ಳುವ ಜನ ಅವರು, ಎರಡನೇ ಸಲ ನಿಮ್ಮ ಕರೆಯನ್ನು ಧೈರ್ಯವಾಗಿ ಎತ್ತುತ್ತಾರೆ. ವಾಟ್ಸಾಪ್ ಗುಂಪು ಮಾಡುವುದಾದರೆ ಮಾಡಿ, ಆದರೆ ಆ ಫೋನ್ ಯಾರ ಜೇಬಿನಲ್ಲಿದೆ ಅಂತ ತಿಳಿದುಕೊಳ್ಳಿ. ಹೆಚ್ಚಿನ ಮನೆಗಳಲ್ಲಿ ಅಪ್ಪನದ್ದೋ ಅಣ್ಣನದ್ದೋ ಆಗಿರುತ್ತದೆ, ಅಮ್ಮನಿಗೆ ತಲುಪುವುದಿಲ್ಲ. ಅರ್ಧ ನಿಮಿಷದ ಧ್ವನಿ ಸಂದೇಶ ಕಳಿಸಿ, ಉದ್ದ ಬರಹ ಬೇಡ. ಗುಂಪಿನಲ್ಲಿ ಯಾವ ಮಗುವಿನ ಹೆಸರು, ಅಂಕ, ತಪ್ಪು ಹಾಕಬಾರದು. ಇದರಲ್ಲಿ ರಾಜಿ ಇಲ್ಲ.

ಹೆಣ್ಣುಮಕ್ಕಳ ವಿಷಯ ಒಂದು ಮಾತು. ಆರು, ಏಳನೇ ತರಗತಿಯಲ್ಲೇ ಹಲವರು ದೊಡ್ಡವರಾಗುತ್ತಾರೆ. ಆಗ ವಾರಗಟ್ಟಲೆ ಕಾಣೆಯಾಗುತ್ತಾರೆ, ಕೆಲವರು ವಾಪಸ್ ಬರುವುದೇ ಇಲ್ಲ. ನೀವು ಶಿಕ್ಷಕಿ, ನಿಮಗಿದು ನನಗಿಂತ ಸುಲಭ. ತಾಯಂದಿರನ್ನು ಮಾತ್ರ ಕೂರಿಸಿಕೊಂಡು ಶಾಲೆಯ ಶೌಚಾಲಯ ತೋರಿಸಿ, ಬೀಗದ ಕೈ ಯಾರ ಹತ್ತಿರ ಇರುತ್ತದೆ, ನೀರು ಇದೆಯಾ, ಪ್ಯಾಡ್ ಎಲ್ಲಿ ಸಿಗುತ್ತದೆ ಅಂತ ಹೇಳಿಬಿಡಿ. ಬೀಗದ ಕೈ ಮುಖ್ಯೋಪಾಧ್ಯಾಯರ ಮೇಜಿನ ಡ್ರಾದಲ್ಲಿದ್ದರೆ ಮೊದಲು ಅದನ್ನು ಬದಲಿಸಿ. ಹನ್ನೊಂದು ವರ್ಷದ ಹುಡುಗಿ ಅಲ್ಲಿ ಹೋಗಿ ಕೇಳುವುದಿಲ್ಲ.

ಇಷ್ಟು ಮಾಡಿದರೂ ಗಣೇಶನ ಹಬ್ಬ ಕಳೆದ ಮೇಲೆ ಎಲ್ಲ ಸಡಿಲವಾಗುತ್ತದೆ. ಗಾಬರಿ ಬೇಡ, ಪ್ರತಿ ವರ್ಷ ಆಗುವುದೇ. ಹಬ್ಬ ಮುಗಿದ ಮೊದಲ ಸೋಮವಾರ ಮತ್ತೆ ಅದೇ ನಾಲ್ಕು ನಿಯಮವನ್ನು ಒಂದು ತಾಸು ಮಾಡಿಸಿ, ಮಕ್ಕಳಿಗೇ ಕೇಳಿ, ಯಾವುದು ನಡೆಯುತ್ತಿದೆ, ಯಾವುದು ಇಲ್ಲ ಅಂತ. ನೀವು ಮುರಿದದ್ದನ್ನೂ ಹೇಳಲು ಬಿಡಿ. ಇದಕ್ಕಿಂತ ದೊಡ್ಡ ಚಿಂತೆ ಗುಳೆ. ಸುಗ್ಗಿ ಮುಗಿದ ಮೇಲೆ ತಾಂಡಾದ ಕೆಲವು ಮನೆಗಳು ಗೋವಾ ಕಡೆಗೋ ಮಂಗಳೂರು ಕಡೆಗೋ ಕೆಲಸಕ್ಕೆ ಹೋಗುತ್ತವೆ. ಹೋದ ಮೇಲೆ ಗೊತ್ತಾದರೆ ಏನೂ ಮಾಡಲಾಗದು. ಜೂನ್‌ನಲ್ಲಿ ಮನೆಗೆ ಹೋದಾಗಲೇ ಕೇಳಿ ಬರೆದಿಟ್ಟುಕೊಳ್ಳಿ: ಹೋದ ವರ್ಷ ಯಾರು ಹೋಗಿದ್ದರು, ಅಜ್ಜ ಅಜ್ಜಿ ಊರಲ್ಲಿ ಉಳಿಯುತ್ತಾರಾ, ಮಗುವನ್ನು ಅವರ ಹತ್ತಿರ ಬಿಡಬಹುದಾ. ಆಗದಿದ್ದರೆ ಋತುಮಾನ ವಸತಿ ಶಾಲೆಗೋ ಹಾಸ್ಟೆಲ್‌ಗೋ ದಸರಾ ರಜೆಗೆ ಮುಂಚೆಯೇ ನಿಮ್ಮ ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿಗಳ (ಸಿಆರ್‌ಪಿ) ಮೂಲಕ ಮಾತಾಡಬೇಕು. ನವೆಂಬರ್‌ನಲ್ಲಿ ಓಡಾಡಿದರೆ ಬಸ್ ಹೋಗಿರುತ್ತದೆ.

ಎಷ್ಟು ಜನ ಬಂದರೆ ಸಭೆ ಗೆದ್ದಂತೆ ಅಂತ ನೀವು ಕೇಳಿಲ್ಲ, ಆದರೆ ಮನಸ್ಸಿನಲ್ಲಿ ಇರುತ್ತದೆ. ಸಂಜೆ ಇಟ್ಟ ಮೊದಲ ವರ್ಷ ನನ್ನ ತರಗತಿಯ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಮನೆಗಳಿಂದ ಬಂದಿದ್ದರು. ನಿಮ್ಮಲ್ಲೂ 18, 20 ಮನೆಯವರು ಬರಬಹುದು. ಉಳಿದ ಮನೆಗಳಿಗೆ ಆ ವಾರದೊಳಗೆ ನೀವೇ ಹೋಗಿ, ಮನೆಗೆ ಹತ್ತು ನಿಮಿಷ. ಯಾಕೆ ಬರಲಿಲ್ಲ ಅಂತ ಕೇಳಬೇಡಿ. ಚಹಾ ಕೊಟ್ಟರೆ ಕುಡಿಯಿರಿ, ಮಗುವಿನ ನೋಟ್‌ಬುಕ್ ಜೊತೆಗೆ ಒಯ್ದಿರಿ, ಸಭೆಯಲ್ಲಿ ಉಳಿದ ಮಕ್ಕಳು ತೋರಿಸಿದ ಹಾಗೆ ಆ ಮಗುವೂ ತನ್ನ ಮನೆಯ ಪಡಸಾಲೆಯಲ್ಲಿ ಕೂತು ತೋರಿಸಲಿ.